ಮಣ್ಣಿನ ಮೇಲೆ ಬಂಗಾರದ ಪೊರೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದ ಕನ್ನಡಿಗರು ತಪ್ಪದೆ ನೋಡಿ ಬರುವುದು ಟಿಪ್ಪುವಿನ ಹುಲಿಯನ್ನು. ಬಿದ್ದ ಬಿಳಿಯನ ಕತ್ತಿಗೆ ಬಾಯಿ ಹಾಕಿದ ಮರದ ಹುಲಿ, ಹೊಟ್ಟೆಯೊಳಗೆ ತಿದಿ, ಹಿಡಿ ತಿರುಗಿಸಿದರೆ ಹುಲಿಯ ಗರ್ಜನೆ, ಮನುಷ್ಯನ ನರಳಾಟ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿ ಹಡಗು ಹತ್ತಿದ್ದು. ಇದರ ಸುತ್ತ ಸೆಲ್ಫಿ ತೆಗೆದುಕೊಂಡು ಹೊರಡುವವರು ಅದೇ ಮ್ಯೂಸಿಯಮ್ಮಿನ ಸಂಗ್ರಹದಲ್ಲಿರುವ ಇನ್ನೊಂದು ಹುಲಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಮಣ್ಣಿನದು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕುಂಬಾರರು 1820ರ ಆಚೀಚೆ ಮಾಡಿದ ಗೊಂಬೆ. ಅಲ್ಲೂ ಒಬ್ಬ ಬಿಳಿಯ, ಅಲ್ಲೂ ಒಂದು ಹುಲಿ, ಅವನ ತಲೆ ಅದರ ಬಾಯಲ್ಲಿ. ಗೊಂಬೆಗೆ 'ಮನ್ರೋವಿನ ಸಾವು' ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಮನ್ರೋ ಎಂದು ಬರೆಯುವಾಗ ಒಂದಕ್ಷರ ಹೆಚ್ಚಿಗೆ ಬಿದ್ದಿದೆ. ಬರ್ಸ್‌ಲೆಮ್ ಊರಿನ ಒಬಡಾಯ ಶೆರಾಟ್ ಎಂಬ ಕುಂಬಾರನ ಕೈಕೆಲಸ ಇದು ಎಂದು ಬಲ್ಲವರು ಹೇಳುತ್ತಾರೆ.

ಈ ಮನ್ರೋ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಅಲ್ಲ. ಜನರಲ್ ಹೆಕ್ಟರ್ ಮನ್ರೋನ ಮಗ. ಅಪ್ಪ 1780ರಲ್ಲಿ ಹೈದರ್-ಟಿಪ್ಪು ಸೈನ್ಯದ ಎದುರು ನಿಲ್ಲಲಾರದೆ, ತೋಪುಗಳನ್ನು ಕಂಚಿಯ ಕೆರೆಗೆ ನೂಕಿ ಮದ್ರಾಸಿಗೆ ಹಿಂದಿರುಗಿದವನು. ಮಗ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯ ಬಾಯಿಗೆ ಸಿಕ್ಕಿ ಸತ್ತ. ಆ ಸುದ್ದಿ ಕೇಳಿಯೇ ಟಿಪ್ಪು ತನ್ನ ಹುಲಿಯನ್ನು ಮಾಡಿಸಿದ ಎಂಬ ಮಾತಿದೆ, ಒಪ್ಪದವರೂ ಇದ್ದಾರೆ. ಹುಲಿ ಟಿಪ್ಪುವಿನ ಲಾಂಛನ. ಹುಲಿ ಮಾಡಿಸಲು ಅವನಿಗೆ ಮನ್ರೋನ ಮಗ ಸಾಯಬೇಕಾಗಿರಲಿಲ್ಲ. ಆದರೆ ಸ್ಟಾಫರ್ಡ್‌ಶೈರಿನ ಕುಂಬಾರನಿಗಂತೂ ಆ ಸಾವು ಬೇಕಾಗಿತ್ತು. ಟಿಪ್ಪುವಿನ ಹುಲಿಯನ್ನು ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನ ತನ್ನ ಮನೆಯಲ್ಲಿ 1808ರಿಂದ ಜನರಿಗೆ ತೋರಿಸುತ್ತಿತ್ತು. ಅದನ್ನು ನೋಡಿ ಬಂದವನು, ಕೇಳಿ ತಿಳಿದವನು, ಮನೆಯ ಬೆಂಕಿಗೂಡಿನ ಮೇಲಿನ ಹಲಗೆಗೆ ಒಂದು ಮಣ್ಣಿನ ಹುಲಿ ತಂದಿಟ್ಟುಕೊಳ್ಳುತ್ತಿದ್ದ. ನಮ್ಮಲ್ಲಿ ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಗೆ ಹೋದವರು ಮಕ್ಕಳಿಗೆ ಆಟಿಕೆ, ಗೋಡೆಗೆ ಪಟ ತರುವುದಿಲ್ಲವೆ, ಹಾಗೆ. ಅಲ್ಲಿಯೂ ಇಂಥ ಸರಕು ಬಿಕರಿಯಾಗುತ್ತಿದ್ದದ್ದು ಜಾತ್ರೆಗಳಲ್ಲಿ ಮತ್ತು ತಲೆಹೊರೆಯ ವ್ಯಾಪಾರಿಗಳಿಂದ.

ಶಿರಾ ಸೀಮೆಯ ಬರಗೂರಿನವನಿಗೆ ಇಂಗ್ಲೆಂಡಿನ ಹಳೆಯ ಪಿಂಗಾಣಿಯ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುವವರಿಗೆ ನಾನು ಹೇಳುವುದು ಶ್ರೀರಂಗಪಟ್ಟಣದ ಕಡೆಯಿಂದಲೇ. ನಮ್ಮ ಶಿರಾ 1687ರಿಂದ ಮೊಘಲರ ಸುಬಾ ಆಗಿದ್ದ ಊರು. ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ್ದ ಅರಮನೆಯ ಮಾದರಿಯಲ್ಲೇ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳು ಎದ್ದವು ಎಂದು ಗೆಜೆಟಿಯರು ಬರೆದಿದೆ. 1761ರಲ್ಲಿ ಹೈದರಾಲಿ ಶಿರಾ ಹಿಡಿದು ಅಲ್ಲಿನ ನವಾಬನಾದ. ಮುಂದೆ ಶ್ರೀರಂಗಪಟ್ಟಣದ ಗಂಜಾಂ ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂದೂ ಅದೇ ಗೆಜೆಟಿಯರು ಹೇಳುತ್ತದೆ. ಶಿರಾದ ಅರಮನೆ ನೆಲಸಮವಾಗಿದೆ, ಗಂಜಾಂ ಉಳಿದಿದೆ. ಶ್ರೀರಂಗಪಟ್ಟಣ ಬಿದ್ದದ್ದನ್ನು ಗೆದ್ದವರು ಯಾವ ಯಾವ ಸಾಮಾನಿನ ಮೇಲೆ ಅಚ್ಚು ಹಾಕಿಸಿಕೊಂಡರು ಎಂದು ಹುಡುಕಿಕೊಂಡು ಹೋದವನು ನಾನು ಲಸ್ಟರ್‌ವೇರ್ ಎಂಬ ಮಿರುಗುವ ಪಿಂಗಾಣಿಯ ಬಾಗಿಲಿಗೆ ಬಂದು ಬಿದ್ದೆ.

ಲಸ್ಟರ್‌ವೇರ್ ಎಂದರೆ ಇಷ್ಟೆ: ಸಾಮಾನ್ಯ ಮಣ್ಣಿನ ಪಾತ್ರೆ, ಮೇಲೆ ಗ್ಲೇಜು ಎಂಬ ಗಾಜಿನಂಥ ಲೇಪ, ಅದರ ಮೇಲೆ ಕೂದಲೆಳೆಗಿಂತಲೂ ತೆಳ್ಳನೆಯ ಲೋಹದ ಪೊರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದಂತೆ ಎಂದರೆ ಹೊಂದೀತು. ಆದರೆ ಕಲಾಯಿ ಸವೆದರೆ ಮತ್ತೆ ಹಾಕಿಸಬಹುದು. ಈ ಪೊರೆ ಹೋದರೆ ಹೋಯಿತು. ಬಂಗಾರವನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ, ಎಣ್ಣೆಗಳಲ್ಲಿ ಕಲಸಿ, ಒಮ್ಮೆ ಸುಟ್ಟು ಗ್ಲೇಜು ಹಿಡಿಸಿದ ಪಾತ್ರೆಯ ಮೇಲೆ ಬ್ರಷ್ಷಿನಿಂದ ಬಳಿದು, ಮತ್ತೆ ಕಡಿಮೆ ಶಾಖದಲ್ಲಿ ಸುಡುತ್ತಾರೆ. ಎಣ್ಣೆ ಉರಿದು ಹೋಗಿ ಲೋಹ ಮಾತ್ರ ಅಂಟಿಕೊಂಡು ಉಳಿಯುತ್ತದೆ. ತಮಾಷೆ ಇರುವುದು ಮುಂದೆ. ಅದೇ ಬಂಗಾರವನ್ನು ಬಿಳಿ ಪಾತ್ರೆಯ ಮೇಲೆ ತೆಳ್ಳಗೆ ಬಳಿದರೆ ಗುಲಾಬಿ, ನೇರಳೆ ಬಣ್ಣ. ಕಂದು ಮಣ್ಣಿನ ಪಾತ್ರೆಯ ಮೇಲೆ ಬಳಿದರೆ ಥೇಟು ತಾಮ್ರ. ಬೆಳ್ಳಿಯ ಹೊಳಪು ಬೇಕೆಂದರೆ ಬೆಳ್ಳಿ ಬಳಿಯುವಂತಿಲ್ಲ, ಅದು ಕಪ್ಪಾಗುತ್ತದೆ, ಪ್ಲಾಟಿನಂ ಬಳಿಯಬೇಕು. ತಾಮ್ರದಂತೆ ಕಾಣುವುದರಲ್ಲಿ ಬಂಗಾರ, ಬೆಳ್ಳಿಯಂತೆ ಕಾಣುವುದರಲ್ಲಿ ಪ್ಲಾಟಿನಂ, ಬಂಗಾರ ಹೆಚ್ಚಿದ್ದರೂ ಬಂಗಾರದಂತೆ ಕಾಣದ ಸಾಮಾನು. 1800ರ ನಂತರದ ಮೊದಲ ಹತ್ತು ವರ್ಷಗಳಲ್ಲಿ ಸ್ಟಾಫರ್ಡ್‌ಶೈರಿನಲ್ಲಿ ಇದು ಪಳಗಿತು. ಬೆಳ್ಳಿ ಟೀ-ಪಾತ್ರೆ ಕೊಳ್ಳಲಾಗದ ಮನೆಗಳಿಗೆ ಬೆಳ್ಳಿಯ ಮುಖ ತಂದುಕೊಟ್ಟಿತು.

ವಿದ್ಯೆ ಮಾತ್ರ ಇಂಗ್ಲಿಷರದಲ್ಲ. ಒಂಬತ್ತನೆಯ ಶತಮಾನದ ಇರಾಕಿನ ಕುಂಬಾರರು ತಾಮ್ರ, ಬೆಳ್ಳಿಯ ಲವಣಗಳಿಂದ ಪಾತ್ರೆಗೆ ಹೊಳಪು ಹತ್ತಿಸಿದರು. ಅಲ್ಲಿಂದ ಈಜಿಪ್ಟು, ಇರಾನಿನ ಕಾಶಾನ್, ಸ್ಪೇನು, ಇಟಲಿ. ಹಳೆಯ ಅರಬ್ಬೀ ರೀತಿಯಲ್ಲಿ ಕೊನೆಯ ಸುಡುವಿಕೆಯಲ್ಲಿ ಗಾಳಿ ಕಟ್ಟಿ ಹೊಗೆ ತುಂಬಿಸಬೇಕು. ಆವಿಗೆಯ ಬಾಯಿ ಮುಚ್ಚಿ ಒಳಗೆ ಹೊಗೆಯಾಡಿಸಿ ಮಡಕೆ ಕಪ್ಪು ಮಾಡುವ ನಮ್ಮ ಕುಂಬಾರರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಾವಗಡದಿಂದ ಉತ್ತರಕ್ಕೆ, ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕ ಒಳಗೆ ಕಪ್ಪು, ಹೊರಗೆ ಕೆಂಪು ಮಡಕೆಗಳು ಅದೇ ಗಾಳಿ-ಹೊಗೆಯ ಆಟದವು, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಸ್ಟಾಫರ್ಡ್‌ಶೈರಿನವರು ಹೊಗೆಯ ರಗಳೆ ತಪ್ಪಿಸಿಕೊಂಡರು. ಅವರ ಎಣ್ಣೆಯೇ ಉರಿಯುತ್ತ ಆ ಕೆಲಸ ಮಾಡುತ್ತಿತ್ತು.

ನನ್ನ ಬಳಿ ಇರುವುದು ಒಂದು ಸಣ್ಣ ತಾಮ್ರಬಣ್ಣದ ಲಸ್ಟರ್ ಜಗ್ಗು. ಗೇಣುದ್ದವೂ ಇಲ್ಲ. ನಡುವಿಗೆ ಅಗಲವಾದ ನೀಲಿ ಪಟ್ಟಿ, ಅದರ ಮೇಲೆ ಅಚ್ಚಿನಿಂದ ಉಬ್ಬಿದ ಹೂಬಳ್ಳಿ. ಹಿಡಿ ಬುಡಕ್ಕೆ ಸೇರುವ ಕಡೆ ಕುಂಬಾರನ ಹೆಬ್ಬೆರಳು ಒತ್ತಿದ ಗುಳಿ ಈಗಲೂ ಇದೆ, ನನ್ನ ಹೆಬ್ಬೆರಳು ಅದರಲ್ಲಿ ಹಿಡಿಯುವುದಿಲ್ಲ. ಒತ್ತಿದವರದು ಹೆಂಗಸಿನ ಕೈಯೋ ಹುಡುಗನ ಕೈಯೋ ಇರಬೇಕು. ತಲೆಕೆಳಗು ಮಾಡಿದರೆ ತಳದಲ್ಲಿ ಬಣ್ಣ ತಾಗದ ಒಂದು ಉಂಗುರ, ಅಲ್ಲಿ ಇಟ್ಟಿಗೆ ಕಂದಿನ ಮಣ್ಣು. ಯಾವ ಕಾರ್ಖಾನೆಯ ಮುದ್ರೆಯೂ ಇಲ್ಲ. ಬಾಯಂಚಿನಲ್ಲಿ ಹಾಲು ಬಗ್ಗಿಸಿ ಬಗ್ಗಿಸಿ ಪೊರೆ ಸವೆದು ಕಂದು ಗೆರೆ ಮೂಡಿದೆ.

ಇದನ್ನು ಮನೆಗೆ ತಂದ ದಿನ ದೊಡ್ಡಮ್ಮ ಅಡುಗೆಮನೆ ಕಟ್ಟೆಯ ಮೇಲಿಟ್ಟುಕೊಂಡು ಹುಣಸೆಹಣ್ಣು ನೆನೆಹಾಕುತ್ತಿತ್ತು.

"ಏನ್ಲಾ ಇದು, ತಾಮ್ರದ್ ಚೊಂಬ್ನ ಹಿಂಗಾ ಮಸಿ ಹಿಡ್ಸೋದು? ತತ್ತಾ, ತಿಕ್ಕಿ ಕೊಡ್ತೀನಿ."

"ಅಯ್ಯೋ ಬ್ಯಾಡ ದೊಡ್ಡಮ್ಮ, ಅದು ಮಣ್ಣಿಂದು."

ಉಗುರಿನಿಂದ ತಟ್ಟಿ ನೋಡಿತು. "ಹೂಂ ಕಣಪ್ಪ, ಮಣ್ಣೇಯ. ಮಣ್ಣಿಗ್ಯಾಕೆ ತಾಮ್ರದ ಯೇಸ?"

"ತಾಮ್ರ ಅಲ್ಲ, ಮೇಲಿರೋದು ಬಂಗಾರ."

"ಬಂಗಾರಾನಾ? ಹಂಗಾರೆ ನಿನ್ನ್ ಹೆಂಡ್ರಿಗ್ ಕೊಡು, ಕಿವೀಗ್ ಹಾಕ್ಕಂತಾಳೆ."

ಲಸ್ಟರ್‌ವೇರ್ ಮೇಲೆ ನಾನು ಓದಿದ ಯಾವ ಪುಸ್ತಕವೂ ಅದರ ಗುಟ್ಟನ್ನು ದೊಡ್ಡಮ್ಮನಷ್ಟು ಚುರುಕಾಗಿ ಹಿಡಿದಿಲ್ಲ. ಅಂದಹಾಗೆ, ಇಂಥದ್ದೇನಾದರೂ ನಿಮ್ಮ ಕೈಗೆ ಸಿಕ್ಕರೆ ಹುಣಸೆಹಣ್ಣು, ಬೂದಿ, ಪಾತ್ರೆ ಪುಡಿ, ತಂತಿಯ ನಾರು ಯಾವುದನ್ನೂ ಹತ್ತಿರ ಸುಳಿಯಗೊಡಬೇಡಿ. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು.

ಸ್ಟಾಫರ್ಡ್‌ಶೈರಿಗಿಂತ ಈ ಕೆಲಸದಲ್ಲಿ ಹೆಸರಾದದ್ದು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್. ಕಲ್ಲಿದ್ದಲು ಹೊತ್ತ ಹಡಗುಗಳು ಹೊರಡುವ ಬಂದರು. ನಾವಿಕರ, ಗಣಿ ಕೂಲಿಗಳ ಊರು. ಅಲ್ಲಿಯದು ಗುಲಾಬಿ ಲಸ್ಟರ್. ಬಳಿದ ಬಣ್ಣ ಇನ್ನೂ ಹಸಿಯಿರುವಾಗಲೇ ಅದರ ಮೇಲೆ ಎಣ್ಣೆ ಸಿಂಪಡಿಸುತ್ತಿದ್ದರು. ಸುಟ್ಟಾಗ ಎಣ್ಣೆಯ ಹನಿ ಗುಳ್ಳೆಯೊಡೆದು ಗುಲಾಬಿಯ ನಡುವೆ ಮೋಡ ಕವಿದಂತೆ ಕಲೆಗಳು ಏಳುತ್ತಿದ್ದವು. ಹಾಗೆ ಕಲೆ ಕಲೆಯಾದದ್ದೇ ಅವರ ಗುರುತಾಯಿತು. ನಡುವೆ ಬಿಳಿ ಜಾಗ ಬಿಟ್ಟು ಅಲ್ಲಿ ಚಿತ್ರ. ಎಲ್ಲಕ್ಕಿಂತ ಹೆಚ್ಚು ಅಚ್ಚಾದ ಚಿತ್ರ ವಿಯರ್ ನದಿಯ ಮೇಲೆ 1796ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆಯದು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಒಂಟಿ ಕಮಾನಿನ ಕಬ್ಬಿಣ ಸೇತುವೆ ಅದು. ಜನಕ್ಕೆ ಎಷ್ಟು ಹೆಮ್ಮೆಯೆಂದರೆ ಕುಡಿಯುವ ಲೋಟದ ಮೇಲೂ ಸೇತುವೆ, ಕೈ ತೊಳೆಯುವ ಬೋಗುಣಿಯ ಮೇಲೂ ಸೇತುವೆ. ಕೆಲವು ಲೋಟಗಳ ಒಳಗೆ ತಳದಲ್ಲಿ ಒಂದು ಮಣ್ಣಿನ ಕಪ್ಪೆ ಕೂರಿಸುತ್ತಿದ್ದರು. ಕುಡಿಯುವವನು ಬಿಯರು ಮುಗಿಸುತ್ತಾ ಬಂದಂತೆ ಕಪ್ಪೆ ಮೂತಿ ತೋರಿಸುತ್ತದೆ. ಹಡಗಿನವರ ಹಾಸ್ಯಪ್ರಜ್ಞೆ. ಅದೇ ಕಾರ್ಖಾನೆಯವರು, ದೇವರು ನಿನ್ನನ್ನು ನೋಡುತ್ತಿದ್ದಾನೆ ಎಂಬರ್ಥದ ಬೈಬಲ್ ಮಾತು ಬರೆದ ಗೋಡೆಯ ಫಲಕಗಳನ್ನೂ ಮಾಡಿ ಮಾರುತ್ತಿದ್ದರು. ಕುಡುಕನಿಗೂ ಅವನ ಹೆಂಡತಿಗೂ ಒಂದೇ ಅಂಗಡಿ.

ಚಿತ್ರ ಅಚ್ಚು ಹಾಕುವ ಕ್ರಮ ಹೀಗೆ. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಶಾಯಿ ತುಂಬಿ, ತೆಳುಕಾಗದದ ಮೇಲೆ ಒತ್ತಿ ತೆಗೆಯುವುದು. ಆ ಕಾಗದವನ್ನು ಪಾತ್ರೆಯ ಮೈಗೆ ಅಂಟಿಸಿ ತಿಕ್ಕುವುದು. ನೀರಿಗದ್ದಿದರೆ ಕಾಗದ ಬಿಡುತ್ತದೆ, ಶಾಯಿ ಉಳಿಯುತ್ತದೆ. ಹಾಗಾಗಿ ಒಂದೇ ತಗಡಿನಿಂದ ಸಾವಿರಾರು ಪಾತ್ರೆ. ಅದಕ್ಕೇ ಇವು ಅಗ್ಗ. ಗೆರೆಯೊಳಗೆ ಹಸಿರು, ಹಳದಿ ತುಂಬುವ ಕೆಲಸ ಹೆಂಗಸರದು, ಮಕ್ಕಳದು. ಹಲವು ಪಾತ್ರೆಗಳಲ್ಲಿ ಬಣ್ಣ ಗೆರೆ ದಾಟಿ ಹರಿದಿರುತ್ತದೆ. ಇದನ್ನು ಜನಪದ ಸೊಗಸು ಎಂದು ಹರಾಜಿನವರು ಹೊಗಳುತ್ತಾರೆ. 1840ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರವೇ ಮಾಡಿಸಿದ ಬಾಲಕಾರ್ಮಿಕರ ವಿಚಾರಣೆಯಲ್ಲಿ ಕುಂಬಾರಿಕೆ ಕಾರ್ಖಾನೆಗಳ ಮಕ್ಕಳ ದಿನಚರಿ ದಾಖಲಾಗಿದೆ. ಅದನ್ನು ಓದಿದ ಮೇಲೆ ಗೆರೆ ದಾಟಿದ ಹಸಿರು ನನಗೆ ಸೊಗಸಾಗಿ ಕಂಡಿಲ್ಲ, ನಿದ್ದೆಗಣ್ಣಾಗಿ ಕಂಡಿದೆ. ಗ್ಲೇಜಿನಲ್ಲಿ ಸೀಸ ಬೇರೆ ಇರುತ್ತಿತ್ತು. ಪಾತ್ರೆಗಳನ್ನು ಅದರಲ್ಲಿ ಅದ್ದಿ ತೆಗೆಯುವವರ ಕೈಕಾಲು ಸ್ವಾಧೀನ ತಪ್ಪುವುದು ಆ ಕಸುಬಿನ ಪಾಡೇ ಆಗಿತ್ತು.

ಇನ್ನು ನೆನಪಿನ ಪಾತ್ರೆಗಳು. ರಾಜನ ಮನೆಯಲ್ಲಿ ಹುಟ್ಟು, ಸಾವು, ಪಟ್ಟ ಏನಾದರೂ ಕುಂಬಾರನಿಗೆ ಸುಗ್ಗಿ. 1817ರ ನವೆಂಬರಿನಲ್ಲಿ ರಾಜಕುಮಾರಿ ಷಾರ್ಲಟ್ ಹೆರಿಗೆಯ ಬೆನ್ನಿಗೇ ತೀರಿಕೊಂಡಳು. ಗುಲಾಬಿ ಲಸ್ಟರಿನ ಅಂಚಿನೊಳಗೆ ಅವಳ ಸಮಾಧಿಯ ಚಿತ್ರವಿರುವ ಟೀ ಕಪ್ಪುಗಳು ಬಂದವು. 1820ರಲ್ಲಿ ನಾಲ್ಕನೆಯ ಜಾರ್ಜ್ ತನ್ನ ಹೆಂಡತಿ ಕ್ಯಾರೊಲಿನಳನ್ನು ಬಿಡಲು ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆಸಿದಾಗ ಜನ ರಾಣಿಯ ಪಕ್ಷ ವಹಿಸಿದರು, ಅವಳ ಮುಖ ಹೊತ್ತ ಲಸ್ಟರ್ ಜಗ್ಗುಗಳು ಮನೆಮನೆ ಸೇರಿದವು. ರಾಜನ ಮೇಲಿನ ಸಿಟ್ಟನ್ನು ಬಾಯಿಬಿಟ್ಟು ಹೇಳಿದರೆ ಜೈಲು, ಜಗ್ಗಿನಲ್ಲಿ ಹಾಲು ಬಗ್ಗಿಸಿದರೆ ಏನು ಮಾಡುತ್ತಾರೆ? 1838ರ ಜೂನ್ 28ರಂದು ವಿಕ್ಟೋರಿಯಾ ಪಟ್ಟಕ್ಕೇರಿದಾಗ ಸ್ವಾನ್ಸಿಯಲ್ಲಿ ಮಾಡಿದ ಮಗ್ಗುಗಳಲ್ಲಿ ಹುಟ್ಟಿದ ದಿನ, ರಾಣಿಯೆಂದು ಸಾರಿದ ದಿನ, ಪಟ್ಟವಾದ ದಿನ ಮೂರೂ ಜಾತಕದಂತೆ ಅಚ್ಚಾಗಿವೆ. ಅವು ಈಗ ಸಿಗುವುದು ಅಪರೂಪ, ಸಿಕ್ಕರೂ ನಮ್ಮಂಥವರ ಜೇಬಿಗೆ ಎಟುಕುವುದಲ್ಲ.

ಇವುಗಳಲ್ಲಿ ನನ್ನ ಕಣ್ಣು ಹೆಚ್ಚು ನಿಲ್ಲುವುದು ಪೀಟರ್‌ಲೂ ಜಗ್ಗುಗಳ ಮೇಲೆ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಬಯಲಿನಲ್ಲಿ ಮತದ ಹಕ್ಕು ಕೇಳಲು ನೆರೆದಿದ್ದ ಜನರ ಮೇಲೆ ಕುದುರೆ ದಂಡು ನುಗ್ಗಿತು, ಅದೇ ಪೀಟರ್‌ಲೂ. ಹಲವರು ಸತ್ತರು, ನೂರಾರು ಮಂದಿ ಗಾಯಗೊಂಡರು. ಅಂದಿನ ಭಾಷಣಕಾರ ಹೆನ್ರಿ ಹಂಟ್ ಜೈಲು ಸೇರಿದ. ಸ್ವಲ್ಪ ಕಾಲದಲ್ಲೇ ಅವನ ಚಿತ್ರ ಹೊತ್ತ ಲಸ್ಟರ್ ಜಗ್ಗುಗಳು ಪೇಟೆಗೆ ಬಂದವು. ಗಲಭೆಯನ್ನು ಪತ್ರಿಕೆಯಲ್ಲಿ ಬರೆದವರ ಮೇಲೆ ಮೊಕದ್ದಮೆ ನಡೆಯುತ್ತಿದ್ದ ಕಾಲ ಅದು. ನಮ್ಮಲ್ಲೂ, ಕೊರಟಗೆರೆ, ಮಧುಗಿರಿಗೆ ಮಗ್ಗುಲಲ್ಲೇ ಇರುವ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರಲ್ಲ, ಅಲ್ಲಿ ಈಗ ಸ್ತೂಪವಿದೆ, ವೀರಸೌಧವಿದೆ. ಸರ್ಕಾರ ಕಟ್ಟಿದ ಸ್ಮಾರಕಕ್ಕೆ ನಾವು ಹೋಗಿ ಬರಬೇಕು. ಪೀಟರ್‌ಲೂ ಮಾತ್ರ ಲಂಕಾಶೈರಿನ ನೇಕಾರನ ಅಡುಗೆಮನೆಗೇ ಬಂದು ಕೂತಿತು. ನೆನಪನ್ನು ಸೇರಿನ ಲೆಕ್ಕದಲ್ಲಿ ಮಾರುವ ವ್ಯಾಪಾರಿಯ ಬಗ್ಗೆ ನನಗೆ ಮೊದಲಿದ್ದ ತಾತ್ಸಾರ ಇದನ್ನು ನೋಡಿದ ಮೇಲೆ ಕಡಿಮೆಯಾಗಿದೆ.

ಈ ಪಾತ್ರೆಗಳ ಮೇಲೆ ನಾವು ಎಲ್ಲಿ? ನೇರವಾಗಿ ಕಡಿಮೆ. ಶ್ರೀರಂಗಪಟ್ಟಣದ ಗೆಲುವಿಗೆ ಕಂಪನಿ ಮಾಡಿಸಿದ್ದು ಪದಕ. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಅಚ್ಚಾದ ಆ ಪದಕದಲ್ಲಿ ಸಿಂಹ ಹುಲಿಯನ್ನು ಕೆಡವಿಕೊಂಡು ನಿಂತಿದೆ. ದರ್ಜೆಗೆ ತಕ್ಕಂತೆ ಬಂಗಾರ, ಬೆಳ್ಳಿ, ಕಂಚು, ಕೆಳಗಿನ ಸಿಪಾಯಿಗೆ ತವರ. ಲಸ್ಟರ್ ಜಗ್ಗುಗಳ ಮೇಲೆ ನಮಗೆ ಗುರುತಿನ ಮುಖವೆಂದರೆ ವೆಲಿಂಗ್ಟನ್. ಅವನು ಸ್ಪೇನಿನಲ್ಲಿ, ವಾಟರ್‌ಲೂನಲ್ಲಿ ಗೆದ್ದದ್ದಕ್ಕೆ ಆ ಜಗ್ಗುಗಳು. ಆದರೆ ಅದಕ್ಕೆ ಮೊದಲು ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ ಶ್ರೀರಂಗಪಟ್ಟಣದ ಕಮಾಂಡರನಾಗಿದ್ದವನು, ದರಿಯಾ ದೌಲತ್ತಿನಲ್ಲಿ ವಾಸವಿದ್ದವನು. ಆ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ: ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಕರ್ನಲ್ ಬೈಲಿ, ಸುತ್ತ ಚೆಲ್ಲಾಪಿಲ್ಲಿಯಾದ ಕೆಂಪು ಕೋಟಿನವರು, ಎದುರಿಗೆ ಗುಲಾಬಿ ಹಿಡಿದ ಟಿಪ್ಪು. ಇಂಗ್ಲಿಷರ ಸೋಲಿನ ಈ ಚಿತ್ರವನ್ನು 1799ರ ಮುತ್ತಿಗೆಗೆ ಮೊದಲು ಮರೆಮಾಡಿದ್ದರು. ಮತ್ತೆ ಬಣ್ಣ ಹಚ್ಚಿಸಿ ಸರಿಮಾಡಿಸಿದವನು ಇದೇ ವೆಲ್ಲೆಸ್ಲಿ. ಅದು ಮತ್ತೆ ಮಾಸಿದಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಹೆಕ್ಟರ್ ಮನ್ರೋ ಮದ್ರಾಸಿಗೆ ಹಿಂದಿರುಗಿದ್ದು ಇದೇ ಪೊಳ್ಳಿಲೂರಿನ ಸುದ್ದಿ ಕೇಳಿ. ಅವನ ಮಗನ ಸಾವು ಅವರ ಬೆಂಕಿಗೂಡಿನ ಮೇಲೆ ಗೊಂಬೆಯಾಯಿತು. ಅವರ ಸೋಲು ನಮ್ಮ ಗೋಡೆಯ ಮೇಲೆ ಅವರದೇ ಖರ್ಚಿನಲ್ಲಿ ಉಳಿಯಿತು.

ಇಂಡಿಯಾದ ಹೆಸರು ಹೊತ್ತ ಬಟ್ಟಲೊಂದಿದೆ, ಲಸ್ಟರ್ ಅಲ್ಲದಿದ್ದರೂ ಹೇಳಲೇಬೇಕು. 1820ರ ದಶಕದಲ್ಲಿ ವೆಸ್ಟ್ ಇಂಡೀಸಿನ ಗುಲಾಮರು ಬೆಳೆದ ಸಕ್ಕರೆ ಬೇಡವೆಂದು ಇಂಗ್ಲೆಂಡಿನ ಹೆಂಗಸರು ಬಹಿಷ್ಕಾರ ಹೂಡಿದರು. ಆಗ ಬಂದ ಸಕ್ಕರೆ ಬಟ್ಟಲುಗಳ ಮೇಲೆ, ಇದು ಗುಲಾಮರು ಮಾಡಿದ್ದಲ್ಲದ ಈಸ್ಟ್ ಇಂಡಿಯಾ ಸಕ್ಕರೆ ಎಂಬರ್ಥದ ಬರಹ ಇರುತ್ತಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಂಥದ್ದೊಂದು ನೀಲಿ ಗಾಜಿನದಿದೆ. ಟೀ ಕುಡಿಯಲು ಬಂದವರಿಗೆ ಮನೆಯಾಕೆಯ ನಿಲುವು ಬಾಯಿ ತೆರೆಯದೆ ತಿಳಿಯುತ್ತಿತ್ತು. ಬಂಗಾಳದ ಕಬ್ಬು ಬೆಳೆಗಾರನ ಪಾಡು ಏನಿತ್ತು ಎಂಬುದನ್ನು ಬಟ್ಟಲು ಕೇಳಲಿಲ್ಲ.

ಕರ್ನಾಟಕದಲ್ಲಿ ಇಂಥ ಸಾಮಾನು ಬಂದಿಳಿದ ದಾರಿಗಳು ಕೆಲವೇ. 1809ರಲ್ಲಿ ಶುರುವಾದ ಬೆಂಗಳೂರು ದಂಡು, ಕೊಡಗು ಚಿಕ್ಕಮಗಳೂರಿನ ಕಾಫಿ ಪ್ಲಾಂಟರುಗಳ ಬಂಗಲೆಗಳು, 1880ರಿಂದ ಜಾನ್ ಟೇಲರ್ ಕಂಪನಿಯ ಇಂಗ್ಲಿಷರು ತುಂಬಿಕೊಂಡ ಕೋಲಾರದ ಚಿನ್ನದ ಗಣಿ. ಅವರು ಊರಿಗೆ ವಾಪಸ್ಸಾಗುವಾಗ ಮನೆ ಸಾಮಾನು ಹರಾಜು ಹಾಕಿ ಹೋಗುತ್ತಿದ್ದರು. ಹರಾಜಿನಲ್ಲಿ ಕೊಂಡವರ ಮೊಮ್ಮಕ್ಕಳು ಈಗ ಅಟ್ಟ ಖಾಲಿ ಮಾಡುತ್ತಾರೆ. ಬೆಂಗಳೂರಿನ ಚಿಕ್ಕಪೇಟೆ ಹಿಂದಿನ ಸಂಡೇ ಬಜಾರಿನಲ್ಲಿ ಗ್ರಾಮಫೋನಿನ ಕೊಳವೆ, ತುಕ್ಕು ಹಿಡಿದ ಬೀಗಗಳ ನಡುವೆ ಒಮ್ಮೊಮ್ಮೆ ಕಿವಿ ಮುರಿದ ಕಪ್ಪೊಂದು ಕಾಣಿಸುವುದು ಹೀಗೆ. ಶಿರಾ, ಪಾವಗಡದ ಕಡೆ ಅಷ್ಟೂ ಇಲ್ಲ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಪಿಂಗಾಣಿ ಎಂದರೆ ಉಪ್ಪಿನಕಾಯಿ ಜಾಡಿ, ಶ್ಯಾನುಭೋಗರ ಮನೆಯಲ್ಲಾದರೆ ಸಾಹೇಬರು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದ ಎರಡು ಕಪ್ಪು ಸಾಸರು.

ಬೆಂಗಳೂರಿನಲ್ಲಿ ಸಿಗುವುದರಲ್ಲಿ ಹೆಚ್ಚಿನವು ತಡವಾದ ಕಾಲದವು: 1897ರ ರಾಣಿಯ ವಜ್ರ ಮಹೋತ್ಸವ, 1902 ಮತ್ತು 1911ರ ಪಟ್ಟಾಭಿಷೇಕಗಳು, 1937. ಲಸ್ಟರಿನ ಕಾಲ ಅಷ್ಟರಲ್ಲಿ ಮುಗಿದಿತ್ತು, ಇವು ಸಾದಾ ಪಿಂಗಾಣಿ. ಆದರೆ ಕಥೆಗೆ ಬರವಿಲ್ಲ. ಏಳನೆಯ ಎಡ್ವರ್ಡನ ಪಟ್ಟ 1902ರ ಜೂನ್ 26ಕ್ಕೆ ಗೊತ್ತಾಗಿತ್ತು. ಎರಡು ದಿನ ಮುಂಚೆ ಅವನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಆಗಸ್ಟ್ 9ಕ್ಕೆ ಹೋಯಿತು. ಮಗ್ಗುಗಳೆಲ್ಲ ಜೂನ್ 26 ಎಂದು ಅಚ್ಚಾಗಿ ಕೂತಿದ್ದವು. ಆದ್ದರಿಂದ ತಪ್ಪು ತಾರೀಖಿನದೇ ಧಾರಾಳ, ಸರಿ ತಾರೀಖಿನದೇ ಕಡಿಮೆ. ಎಂಟನೆಯ ಎಡ್ವರ್ಡ್ ಇನ್ನೂ ಮುಂದೆ ಹೋದ. 1937ರ ಮೇ 12ಕ್ಕೆ ಪಟ್ಟವೆಂದು ಮಗ್ಗು ಮಾಡಿಟ್ಟರೆ 1936ರ ಡಿಸೆಂಬರಿನಲ್ಲೇ ಸಿಂಹಾಸನ ಬಿಟ್ಟ. ಗೊತ್ತಾಗಿದ್ದ ಅದೇ ಮೇ 12ರಂದು ತಮ್ಮನಿಗೆ ಪಟ್ಟವಾಯಿತು. ಆಗದ ಪಟ್ಟಾಭಿಷೇಕದ ಮಗ್ಗು ಅಪರೂಪದ್ದೆಂದು ವ್ಯಾಪಾರಿಗಳು ಕಣ್ಣರಳಿಸಿ ಬೆಲೆ ಹೇಳುತ್ತಾರೆ. ನಂಬಬೇಡಿ. ಆ ಹೊತ್ತಿಗೆ ಮಾಡಿ ಮುಗಿಸಿದ್ದವೇ ರಾಶಿ ರಾಶಿ.

ಗುಲಾಬಿ ಲಸ್ಟರ್ ಎಂದು ಯಾರಾದರೂ ತೋರಿಸಿದರೆ ಮೊದಲು ತಳ ನೋಡುವುದು ರೂಢಿ. 'ಇಂಗ್ಲೆಂಡ್' ಎಂದು ಮುದ್ರೆಯಿದ್ದರೆ ಸಾಮಾನ್ಯವಾಗಿ 1891ರ ಈಚಿನದು, ಏಕೆಂದರೆ ಆ ವರ್ಷದಿಂದ ಅಮೆರಿಕ ತನ್ನ ಆಮದಿಗೆ ದೇಶದ ಹೆಸರು ಕಡ್ಡಾಯ ಮಾಡಿತು. 'ಮೇಡ್ ಇನ್ ಇಂಗ್ಲೆಂಡ್' ಎಂದಿದ್ದರೆ ಇಪ್ಪತ್ತನೆಯ ಶತಮಾನದ್ದೆಂದೇ ತಿಳಿಯಬಹುದು. ಹಡಗಿನ ಮುದ್ರೆಯ ಗ್ರೇಸ್ ಪಾಟರಿಯವರು ಕಳೆದ ಶತಮಾನದಲ್ಲಿ ಸಂಡರ್‌ಲ್ಯಾಂಡ್ ಮಾದರಿಯನ್ನೇ ಚೆನ್ನಾಗಿ ಮರುಮಾಡಿದರು. ಮೋಸವಲ್ಲ, ಮುದ್ರೆ ಹಾಕಿಯೇ ಮಾರಿದ್ದು, ಮುದ್ರೆ ಉಜ್ಜಿ ಮಾರುವವರದ್ದು ಮೋಸ. ಅಂಚನ್ನು ಉಗುರಿನಿಂದ ತಟ್ಟಿ ಕೇಳಬೇಕು, ಬಿರುಕಿದ್ದರೆ ಸದ್ದು ಬೊದ್ದಾಗಿರುತ್ತದೆ. ಮಡಕೆ ಕೊಳ್ಳುವ ನಮ್ಮ ಹೆಂಗಸರ ಪರೀಕ್ಷೆಯೇ ಅದು. ಕಾನೂನಿನ ಮಾತೂ ಒಂದಿದೆ: ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಚಾರಿತ್ರಿಕ ವಸ್ತು ಪ್ರಾಚ್ಯವಸ್ತುವಾಗುತ್ತದೆ, ಅದನ್ನು ಖಾಸಗಿಯವರು ದೇಶದಿಂದಾಚೆ ಸಾಗಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಹೆಚ್ಚು ಬೇಕೆನಿಸುವ ಸಂಡರ್‌ಲ್ಯಾಂಡ್ ಜಗ್ಗು ರಾಣಿಯದಲ್ಲ, ಸೇನಾಪತಿಯದಲ್ಲ. ಸೇತುವೆಯ ಚಿತ್ರದ ಕೆಳಗೋ ಹೂಮಾಲೆಯ ನಡುವೆಯೋ ಕೈಬರಹದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಹೆಸರು, ಒಂದು ಇಸವಿ ಇರುವಂಥದ್ದು. ಮದುವೆಗೋ ಮಗು ಹುಟ್ಟಿದ್ದಕ್ಕೋ ಹೇಳಿ ಮಾಡಿಸಿದ್ದು. ಚರಿತ್ರೆಯಲ್ಲಿ ಅವರ ಹೆಸರು ಬೇರೆಲ್ಲೂ ಇರುವುದಿಲ್ಲ, ಚರ್ಚಿನ ರಿಜಿಸ್ಟರೊಂದನ್ನು ಬಿಟ್ಟರೆ.

ಅದು ಬೇಕೆನಿಸುವುದೇಕೆಂದರೆ, ಹೀಗೆ ಹೆಸರು ಹಾಕಿಸುವುದು ನಮ್ಮದೇ ಪದ್ಧತಿ. ಬರಗೂರಿನ ಯಾವ ಮನೆಯ ಅಟ್ಟ ಹತ್ತಿದರೂ ಹೆಸರು ಹಾಕಿಸಿದ ಪಾತ್ರೆಗಳು ಸಿಗುತ್ತವೆ. ಮದುವೆಗೆ ಮುಯ್ಯಿ ಕೊಡುವ ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಆಮೇಲೆ ಸ್ಟೀಲು ಬಂದ ಮೇಲೆ ಡಬರಿ, ತಟ್ಟೆ, ಬಿಂದಿಗೆ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಕೂತವನು ಸಣ್ಣ ಉಳಿ, ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಕೊಟ್ಟವರ ಹೆಸರು, ತೆಗೆದುಕೊಂಡವರ ಹೆಸರು, ತಾರೀಖು ಮೂಡಿಸುತ್ತಿದ್ದ. ಈಗ ಕರೆಂಟಿನ ಮಿಷನ್ನು ಅದನ್ನೇ ಗುಂಯ್ಗುಡುತ್ತ ಮಾಡುತ್ತದೆ. ನಮ್ಮ ಮನೆಯ ಕೊಳಗದಲ್ಲಿ ಸೌಭಾಗ್ಯವತಿ ಎಂಬಲ್ಲಿ ಒತ್ತು ಬಿಟ್ಟುಹೋಗಿದೆ. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಕಂಠದ ಕಡೆ ಹತ್ತಿ ಕೂತಿದೆ. ಮನ್ರೋಗೆ ಒಂದಕ್ಷರ ಹೆಚ್ಚು ಕೊಟ್ಟ ಬರ್ಸ್‌ಲೆಮ್‌ನವನೂ ಇವನೂ ಒಂದೇ ಕುಲ. ರಾಜರ ಪಟ್ಟವನ್ನು, ಯುದ್ಧವನ್ನು ನಾವು ಪಾತ್ರೆಗೆ ತರಲಿಲ್ಲ. ಊರಿಗಾಗಿ ಸತ್ತವನಿಗೆ ವೀರಗಲ್ಲು ನೆಟ್ಟೆವು, ಒಲೆಯ ಮೇಲೆ ಇಡುವುದಕ್ಕೆ ನೆಂಟರ ಹೆಸರು ಸಾಕೆಂದುಕೊಂಡೆವು.

ಈ ಪಾತ್ರೆಗಳನ್ನು ಯಾರೂ ಸಂಗ್ರಹಿಸುತ್ತಿಲ್ಲ. ಹಳೇದು ಕೊಟ್ಟು ಹೊಸದು ತೆಗೆದುಕೊಳ್ಳುವಾಗ ತೂಕದ ಲೆಕ್ಕಕ್ಕೆ ಹೋಗಿ, ಅಲ್ಲಿಂದ ಕರಗಿಸುವ ಕುಲುಮೆಗೆ ಹೋಗುತ್ತವೆ. ಹೋದ ವರ್ಷದಿಂದ ನಾನು ಶಿರಾದ ಗುಜರಿ ಅಂಗಡಿಯವರೊಬ್ಬರಿಗೆ, ಹೆಸರು ಹಾಕಿದ ಹಿತ್ತಾಳೆ ತಾಮ್ರ ಬಂದರೆ ಎತ್ತಿಡಿ ಎಂದು ಹೇಳಿಟ್ಟಿದ್ದೇನೆ. ಅವರೂ ಎತ್ತಿಟ್ಟರು, ಕೆ.ಜಿ. ಲೆಕ್ಕದಲ್ಲೇ ಕೊಟ್ಟರು. ಮೊನ್ನೆ 1950ರ ದಶಕದ ಒಂದು ಹಂಡೆಯನ್ನು ತಕ್ಕಡಿಗೆ ಹಾಕಿ, ಬೆಲೆ ಹೇಳಿ, ಅದರ ಮೇಲೆ ಇನ್ನೂರು ಕೇಳಿದರು. ಇದ್ಯಾವುದಕ್ಕೆ ಎಂದೆ.

"ತೂಕ ತಾಮ್ರಕ್ಕೆ ಸ್ವಾಮಿ," ಎಂದರು, "ಹೆಸರಿಗೆ ಬ್ಯಾರೆ ರೇಟು. ನೀವೇ ತಾನೇ ಕಲ್ಸಿದ್ದು."